ಕೋಬಾಲ್ ಅಜ್ಜಿ

ಮೂರು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿ, ಎಲ್ಲೂ ದಡ ಸೇರದೆ, 27ನೇ ವಯಸ್ಸಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿದವನು ನಾನು. ಕಲಿತು ಹೋಗಿದ್ದು ಪೈಥಾನ್, ಕೈಗೆ ಕೊಟ್ಟಿದ್ದು ಕೋಬಾಲ್! ವಿದೇಶಿ ಬ್ಯಾಂಕೊಂದರ, ನನಗಿಂತ ಹಳೆಯ ಪ್ರೋಗ್ರಾಂಗಳ ರಿಪೇರಿ ಕೆಲಸ. ಗೆಳೆಯರು ಎಐ ಬಗ್ಗೆ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದೆ. ಈ ಪೀಡೆಯನ್ನು ಹುಟ್ಟುಹಾಕಿದವರು ಯಾರಪ್ಪ ಎಂದು ಸಿಟ್ಟಿನಲ್ಲಿ ಹುಡುಕಿದಾಗ ಸಿಕ್ಕವರು ಗ್ರೇಸ್ ಹಾಪರ್.

1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮನೆಯ ಏಳು ಅಲಾರಾಂ ಗಡಿಯಾರಗಳನ್ನೂ ಬಿಚ್ಚಿಹಾಕಿದ ಹುಡುಗಿ. ಯೇಲ್‌ನಲ್ಲಿ ಗಣಿತದ ಪಿಎಚ್‌.ಡಿ. ಮುಗಿಸಿ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಲು ಹೋದರೆ ವಯಸ್ಸು ಹೆಚ್ಚಾಯಿತು, ತೂಕ ಕಡಿಮೆಯಾಯಿತು ಎಂಬ ಉತ್ತರ. ಹಟ ಬಿಡದೆ ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿದರು. ಮರುವರ್ಷ ಹಾರ್ವರ್ಡ್‌ನಲ್ಲಿ 51 ಅಡಿ ಉದ್ದದ ಮಾರ್ಕ್-1 ಯಂತ್ರದ ಮುಂದೆ ನಿಂತಾಗ ಅವರಿಗೆ 37. ವಯೋಮಿತಿ ಲೆಕ್ಕ ಹಾಕುತ್ತಲೇ ದಿನ ಕಳೆದಿದ್ದ ನಾನು ಇದನ್ನು ಎರಡು ಸಲ ಓದಿದೆ.

(ಯಂತ್ರದೊಳಗೆ ಪತಂಗ ಸಿಕ್ಕಿ 'ಬಗ್' ಪದ ಹುಟ್ಟಿತು ಎಂಬ ಕತೆ ನೀವೂ ಕೇಳಿರುತ್ತೀರಿ. 1947ರಲ್ಲಿ ಪತಂಗ ಸಿಕ್ಕಿದ್ದು ನಿಜ. ಆದರೆ ಪದ ಅದಕ್ಕೂ ಹಳೆಯದು, ಪತಂಗ ಹಿಡಿದವರೂ ಹಾಪರ್ ಅಲ್ಲ.)

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆಗ ಪ್ರೋಗ್ರಾಂ ಎಂದರೆ ಬರೀ ಸಂಖ್ಯೆಗಳು. ಒಬ್ಬರು ಬರೆದ ಲೆಕ್ಕದ ತುಣುಕು ಇನ್ನೊಬ್ಬರಿಗೆ ಬೇಕಾದರೆ ನೋಟ್‌ಬುಕ್ಕಿನಿಂದ ಕೈಯಲ್ಲೇ ನಕಲು ಮಾಡಬೇಕು; ಹೊಸ ಜಾಗಕ್ಕೆ ತಕ್ಕಂತೆ ವಿಳಾಸಗಳನ್ನೆಲ್ಲ ಕೂಡಿ ಬದಲಿಸಬೇಕು. ಗಣಿತದವರೇ ಆದರೂ ಕೂಡುವುದರಲ್ಲಿ ತಪ್ಪು, ನಕಲು ಮಾಡುವುದರಲ್ಲಿ ತಪ್ಪು. ಈ ಕತ್ತೆ ಚಾಕರಿಯನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದು ಎಂದು ಹಾಪರ್ ಯೋಚಿಸಿದರು. ತುಣುಕುಗಳನ್ನು ಟೇಪಿನಲ್ಲಿಟ್ಟು, ಪ್ರತಿಯೊಂದಕ್ಕೂ ಕರೆಯುವ ಸಂಖ್ಯೆ ಕೊಟ್ಟರು. ಸಂಖ್ಯೆ ಹೇಳಿದರೆ ಸಾಕು, ಯಂತ್ರವೇ ಹುಡುಕಿ ಜೋಡಿಸಿಕೊಳ್ಳುತ್ತಿತ್ತು. 1952ರ ಈ ಎ-0ವನ್ನು ಅವರು ಕಂಪೈಲರ್ ಎಂದರು. ಇಂದಿನ ಲೆಕ್ಕದಲ್ಲಿ ಅದು ಲಿಂಕರ್‌ಗೆ ಹತ್ತಿರ. ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಯಂತ್ರವಷ್ಟೇ ಎಂದುಕೊಂಡಿದ್ದವರು ಅದನ್ನು ಮುಟ್ಟಲೂ ಹಿಂಜರಿದರು.

ಲೆಕ್ಕಪತ್ರದ ಜನರಿಗೆ ಚಿಹ್ನೆಗಳಿಗಿಂತ ಪದಗಳೇ ಸಲೀಸು ಎಂಬುದು ಅವರ ಮುಂದಿನ ವಾದ. ಇಂಗ್ಲಿಷ್ ಪದಗಳ ಫ್ಲೋ-ಮ್ಯಾಟಿಕ್ ಭಾಷೆ ಬಂದಿದ್ದು ಹಾಗೆ. 1959ರಲ್ಲಿ ಶುರುವಾದ ಕೋಬಾಲ್‌ಗೆ ಅದೇ ದೊಡ್ಡ ಆಧಾರ. ಕೋಬಾಲ್ ರೂಪಿಸಿದ್ದು ಸಮಿತಿ, ಹಾಪರ್ ಸಲಹೆಗಾರ್ತಿ. ಹಾಗಾಗಿ ತಾಯಿ ಎನ್ನುವುದಕ್ಕಿಂತ ಅಜ್ಜಿ ಎನ್ನುವುದೇ ನನಗೆ ಸರಿ ಕಾಣುತ್ತದೆ.

1966ರಲ್ಲಿ ನೌಕಾಪಡೆ ನಿವೃತ್ತಿ ಕೊಟ್ಟಿತು. ಮರುವರ್ಷವೇ ಆರು ತಿಂಗಳ ಕೆಲಸಕ್ಕೆಂದು ವಾಪಸ್ ಕರೆಯಿತು. ಆ ಆರು ತಿಂಗಳು ಮುಗಿದಿದ್ದು 1986ರಲ್ಲಿ, ಅವರ 79ನೇ ವಯಸ್ಸಿನಲ್ಲಿ! 1992ರ ಹೊಸ ವರ್ಷದ ದಿನ ತೀರಿಕೊಂಡರು.

ಕಳೆದ ತಿಂಗಳು ಬಡ್ಡಿ ಲೆಕ್ಕದ ಒಂದು ತಪ್ಪು ನನ್ನ ಪಾಲಿಗೆ ಬಂತು. ಕೋಡ್ ಬರೆದವರು ಯಾರೋ, ಈಗ ಎಲ್ಲಿದ್ದಾರೋ, ಕೇಳಲು ಯಾರೂ ಇರಲಿಲ್ಲ. ಪದಗಳನ್ನು ವಾಕ್ಯದ ಹಾಗೆ ಓದಿಕೊಂಡು ಹೋದೆ. ಸಂಜೆಯೊಳಗೆ ತಪ್ಪು ಸಿಕ್ಕಿತು. ರಾತ್ರಿ ಪೈಥಾನ್ ಅಭ್ಯಾಸ ಬಿಟ್ಟಿಲ್ಲ. ಬರೆದಿಟ್ಟಿರುವ ರಾಜೀನಾಮೆ ಪತ್ರವನ್ನೂ ಇನ್ನೂ ಕಳಿಸಿಲ್ಲ.