ಸೊದೋಮಿನ ಕಥೆಯನ್ನು ಮತ್ತೆ ಓದಿದ ಪಾದ್ರಿ

ಡೆರಿಕ್ ಶರ್ವಿನ್ ಬೇಲಿ ಅನ್ನುವ ಹೆಸರು ಚರ್ಚಿನ ಚರಿತ್ರೆ ಓದುವವರಿಗೆ ಚೆನ್ನಾಗಿ ಗೊತ್ತು, ನನಗೆ ಮಾತ್ರ ಈಚೆಗೆ ಸಿಕ್ಕಿತು. ಕ್ರಾಂತಿಕಾರಿ ಏನಲ್ಲ ಈತ. 1910ರಲ್ಲಿ ಹುಟ್ಟಿದ ಆಂಗ್ಲಿಕನ್ ಪಾದ್ರಿ. ಮದುವೆ, ದಾಂಪತ್ಯ ಅಂತ ಪುಸ್ತಕ ಬರೆದುಕೊಂಡಿದ್ದ ಪಂಡಿತ.

ಆಗಿನ ಇಂಗ್ಲೆಂಡಿನಲ್ಲಿ ಇಬ್ಬರು ಗಂಡಸರು ಬಾಗಿಲು ಹಾಕಿಕೊಂಡು ಕೂಡಿದರೂ ಅಪರಾಧವೇ. ಗಣಿತಜ್ಞ ಅಲನ್ ಟ್ಯೂರಿಂಗನಿಗೆ 1952ರಲ್ಲಿ ಶಿಕ್ಷೆಯಾಯಿತು, ಎರಡು ವರ್ಷದಲ್ಲಿ ಆತ ಸತ್ತ. ಈ ಕಾನೂನಿನ ಬೇರು ಹುಡುಕುತ್ತಾ ಹೋದರೆ ಸಿಕ್ಕುವುದು ಬೈಬಲಿನ ಒಂದು ಕಥೆ: ಸಲಿಂಗಕಾಮದಿಂದಾಗಿ ದೇವರು ಸೊದೋಮ್ ಪಟ್ಟಣವನ್ನು ಸುಟ್ಟ ಅನ್ನುವ ನಂಬಿಕೆ. 1955ರ ತನ್ನ ಪುಸ್ತಕದಲ್ಲಿ ಬೇಲಿ ಕೈಹಾಕಿದ್ದು ಈ ನಂಬಿಕೆಗೇ.

ಲೋಟನ ಮನೆಗೆ ಇಬ್ಬರು ಅತಿಥಿಗಳು ಬರುತ್ತಾರೆ. ಊರವರು ಮನೆಗೆ ಮುತ್ತಿಗೆ ಹಾಕಿ, ಅವರನ್ನು ಹೊರಗೆ ಬಿಡು, ನಾವು ತಿಳಿಯಬೇಕು ಅನ್ನುತ್ತಾರೆ. ಹೀಬ್ರೂವಿನಲ್ಲಿ ಆ ಕ್ರಿಯಾಪದ ಯಾದಾ. ಹಳೆಯ ಒಡಂಬಡಿಕೆಯಲ್ಲಿ ಅದು 900ಕ್ಕೂ ಹೆಚ್ಚು ಸಲ ಬರುತ್ತದೆ, ಕೂಡುವುದು ಎಂಬ ಅರ್ಥದಲ್ಲಿ ಬರುವುದು ಬೆರಳೆಣಿಕೆಯಷ್ಟು ಸಲ. ಲೋಟನೇ ಪರಸ್ಥಳದವನು; ಅವನ ಮನೆಗೆ ಬಂದ ಅಪರಿಚಿತರು ಯಾರು ಅಂತ ಊರವರು ವಿಚಾರಿಸಲು ಬಂದಿದ್ದರೆ? ಪರವೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನಮಗೆಲ್ಲ ಆ ವಿಚಾರಣೆಯ ದನಿ ಗೊತ್ತಲ್ಲ! ಬೇಲಿಯ ಪ್ರಕಾರ ಸೊದೋಮಿನ ಪಾಪ ಅತಿಥಿದ್ರೋಹ.

ಈ ವಾದ ಪೂರ್ತಿ ನಿಲ್ಲುವುದಿಲ್ಲ ಅಂತ ನನಗೂ ಅನ್ನಿಸಿತು. ಅದೇ ಅಧ್ಯಾಯದಲ್ಲಿ ಲೋಟ, ಗಂಡಸನ್ನು ತಿಳಿಯದ ತನ್ನ ಹೆಣ್ಣುಮಕ್ಕಳನ್ನು ಒಪ್ಪಿಸಲು ಹೊರಡುತ್ತಾನೆ. ಅಲ್ಲಿಯೂ ಅದೇ ಕ್ರಿಯಾಪದ, ಅಲ್ಲಿ ಅರ್ಥ ಸ್ಪಷ್ಟ. (ಆ ಹೆಣ್ಣುಮಕ್ಕಳ ಗತಿಯ ಬಗ್ಗೆ ಶತಮಾನಗಟ್ಟಲೆ ಯಾರೂ ತಲೆ ಕೆಡಿಸಿಕೊಂಡ ಹಾಗಿಲ್ಲ.) ಆದರೆ ಊರವರು ಬಲಾತ್ಕಾರಕ್ಕೇ ಬಂದಿದ್ದರು ಅಂತಿಟ್ಟುಕೊಂಡರೂ ಅದು ಬಲಾತ್ಕಾರ, ಪ್ರೀತಿಯಲ್ಲ. ಪ್ರವಾದಿ ಯೆಹೆಜ್ಕೇಲನಂತೂ ಸೊದೋಮಿನ ದೋಷ ಹೇಳುವಾಗ ಮೊದಲು ಎಣಿಸುವುದು ಗರ್ವವನ್ನು, ಹೊಟ್ಟೆ ತುಂಬಿದವರು ಬಡವರ ಕೈಹಿಡಿಯದ್ದನ್ನು.

ಬೇಲಿ ಪುಸ್ತಕ ಬರೆದು ಸುಮ್ಮನೆ ಕೂರಲಿಲ್ಲ. ಇಂಗ್ಲೆಂಡಿನ ಚರ್ಚಿನ ನೈತಿಕ ಕಲ್ಯಾಣ ಮಂಡಳಿಯಲ್ಲಿದ್ದುಕೊಂಡು, ಪಾಪ ಬೇರೆ ಅಪರಾಧ ಬೇರೆ, ವಯಸ್ಕರ ಖಾಸಗಿ ಸಂಬಂಧ ಪೊಲೀಸರ ಕೆಲಸವಲ್ಲ ಅಂತ 1954ರಲ್ಲೇ ವರದಿ ತಂದ. ವುಲ್ಫೆಂಡನ್ ಸಮಿತಿಯ ಮುಂದೆ ಮಂಡಳಿ ಅದನ್ನೇ ಹೇಳಿತು. ಸಮಿತಿ 1957ರಲ್ಲಿ ಒಪ್ಪಿತು. ಕಾನೂನು ಸಡಿಲವಾಗಲು ಮತ್ತೆ ಹತ್ತು ವರ್ಷ ಬೇಕಾಯಿತು, 1967. ಸಲಿಂಗಪ್ರೇಮವನ್ನು ಚರ್ಚು ಆಶೀರ್ವದಿಸಲಿ ಅನ್ನುವಷ್ಟು ದೂರ ಬೇಲಿ ಹೋಗಲಿಲ್ಲ. ಅದು ನನಗೆ ಕೊರತೆಯಾಗಿಯೇ ಕಾಣುತ್ತದೆ.

ಮುಂದೆ ವೆಲ್ಸ್ ಕ್ಯಾಥೆಡ್ರಲಿನಲ್ಲಿ ಕ್ಯಾನನ್ ಆಗಿದ್ದು 1984ರಲ್ಲಿ ತೀರಿಕೊಂಡ. ಇಂಗ್ಲಿಷರು 1860ರ ದಂಡಸಂಹಿತೆಯ ಜೊತೆ ನಮಗೆ ಕೊಟ್ಟ 377ನೇ ಕಲಮಿನಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ಸುಪ್ರೀಂ ಕೋರ್ಟು ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಆ ಹೊತ್ತಿಗೆ ಬೇಲಿ ಸತ್ತು 34 ವರ್ಷವಾಗಿತ್ತು.