ಸಂತ ಲೂಸಿಯಮ್ಮನವರು ಮತ್ತು ಕೇಸರಿ ಬನ್ನು



ಡಿಸೆಂಬರ್ 13 ವಾರದ ದಿನವಾಗಿ ಬಂದರೆ, ಆಗಮನಕಾಲದ ನೇರಳೆ ವಸ್ತ್ರಗಳ ನಡುವೆ ಅಂದು ಗುರುಗಳು ಕೆಂಪು ಪೂಜಾವಸ್ತ್ರ ಧರಿಸಿ ಬಲಿಪೀಠಕ್ಕೆ ಬರುವುದನ್ನು ನೀವು ಗಮನಿಸಿರಬಹುದು. ಅದು ರಕ್ತಸಾಕ್ಷಿ ಸಂತ ಲೂಸಿಯಮ್ಮನವರ ಸ್ಮರಣೆಯ ದಿನ. ಅದೇ ಮುಂಜಾನೆ ದೂರದ ಸ್ವೀಡನ್ ದೇಶದ ಮನೆಗಳಲ್ಲಿ ಕೇಸರಿ ಬೆರೆಸಿದ ಬನ್ನಿನ ಪರಿಮಳ ತುಂಬಿರುತ್ತದೆ. ಇಟಲಿಯ ದಕ್ಷಿಣದ ಸಿಸಿಲಿ ದ್ವೀಪದಲ್ಲಿ ಮಡಿದ ಕನ್ಯೆಗೂ ಹಿಮದ ನಾಡಿನ ಈ ಬನ್ನಿಗೂ ಏನು ನಂಟು? ಮೊದಲು ಆಕೆಯ ಬದುಕನ್ನು ತಿಳಿಯೋಣ.

ಲೂಸಿಯವರ ಊರು ಸಿಸಿಲಿಯ ಸಿರಾಕೂಸ. ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲ ಅದು. ತಂದೆ ಬೇಗನೆ ತೀರಿಕೊಂಡರು. ತಾಯಿ ಯುಟೀಕಿಯ ಬಹುಕಾಲದಿಂದ ರಕ್ತಸ್ರಾವದಿಂದ ನರಳುತ್ತಿದ್ದರು. ಮಗಳ ಮದುವೆ ನಿಶ್ಚಯವಾಗಿತ್ತು. ಆದರೆ ಲೂಸಿ ತನ್ನ ಕನ್ಯಾವ್ರತವನ್ನು ಗುಟ್ಟಾಗಿ ಪ್ರಭುವಿಗೆ ಅರ್ಪಿಸಿದ್ದರು. ತಾಯಿಮಗಳು ಕತಾನಿಯಾ ನಗರದಲ್ಲಿರುವ ಸಂತ ಅಗಾತಮ್ಮನವರ ಸಮಾಧಿಗೆ ಯಾತ್ರೆ ಹೋದರೆಂದೂ ಅಲ್ಲಿ ತಾಯಿ ಗುಣವಾದರೆಂದೂ ಪರಂಪರೆ ಹೇಳುತ್ತದೆ.

ಮರಳುವ ದಾರಿಯಲ್ಲಿ ಮಗಳು ತಾಯಿಯ ಬಳಿ ಒಂದು ಬೇಡಿಕೆ ಇಟ್ಟಳು: ತನ್ನ ವರದಕ್ಷಿಣೆಗೆಂದು ಕೂಡಿಟ್ಟ ಆಸ್ತಿಯನ್ನು ಬಡವರಿಗೆ ಹಂಚಬೇಕು. ತನ್ನ ಕಣ್ಣು ಮುಚ್ಚಿದ ಮೇಲೆ ಏನು ಬೇಕಾದರೂ ಮಾಡಿಕೊ ಎಂಬುದು ತಾಯಿಯ ನಿಲುವು. ಸಾಯುವಾಗ ಕೊಡುವುದು ಹೊತ್ತೊಯ್ಯಲಾಗದ್ದನ್ನು ಮಾತ್ರ, ಬದುಕಿರುವಾಗ ಕೊಡುವುದೇ ನಿಜವಾದ ದಾನ ಎಂದು ಮಗಳು ತಿಳಿಹೇಳಿದಳು. ತಾಯಿ ಒಪ್ಪಿದರು. ಆಸ್ತಿ ಕರಗತೊಡಗಿತು. ಅದರ ಮೇಲೆ ಕಣ್ಣಿಟ್ಟಿದ್ದ ವರ ಸಿಟ್ಟಾಗಿ, ಈಕೆ ಕ್ರೈಸ್ತಳೆಂದು ಅಧಿಕಾರಿ ಪಾಸ್ಕಾಸಿಯನಿಗೆ ದೂರು ಕೊಟ್ಟ.

ಅಧಿಕಾರಿಯ ತೀರ್ಪು ಕ್ರೂರವಾಗಿತ್ತು. ಈಕೆಯನ್ನು ವೇಶ್ಯಾಗೃಹಕ್ಕೆ ಎಳೆದೊಯ್ದು ಕೆಡಿಸಬೇಕೆಂದ. ಮನಸ್ಸು ಒಪ್ಪದೆ ದೇಹಕ್ಕೆ ಕಳಂಕ ತಟ್ಟದೆಂದು ಲೂಸಿ ಧೈರ್ಯವಾಗಿ ಉತ್ತರಿಸಿದರು. ಸೈನಿಕರು ಎಳೆದರೂ, ಎತ್ತುಗಳನ್ನು ಕಟ್ಟಿ ಎಳೆಸಿದರೂ ಆಕೆ ಕದಲಲಿಲ್ಲ, ಬೆಂಕಿಯೂ ಸುಡಲಿಲ್ಲ, ಕೊನೆಗೆ ಕತ್ತಿಯಿಂದ ಪ್ರಾಣ ತೆಗೆದರು ಎಂಬುದು ಪರಂಪರೆಯ ಕಥೆ. ಆಕೆ ಮಡಿದದ್ದು 304ರಲ್ಲಿ ಎನ್ನುತ್ತಾರೆ.

ಇದೆಲ್ಲ ಬರಿಯ ಕಥೆಯೇ ಎಂದು ನೀವು ಕೇಳಬಹುದು. ಎತ್ತುಗಳ ಪ್ರಸಂಗವನ್ನು ಚರಿತ್ರೆಯೆಂದು ಸಾಧಿಸುವ ಅಗತ್ಯವಿಲ್ಲ. ಕಣ್ಣುಗಳನ್ನು ತಟ್ಟೆಯಲ್ಲಿ ಹಿಡಿದ ಚಿತ್ರದ ಹಿಂದಿನ ಕಥೆಯೂ ಬಹಳ ತಡವಾಗಿ ಸೇರಿದ್ದು. ಆದರೆ 1894ರಲ್ಲಿ ಸಿರಾಕೂಸದ ನೆಲದಡಿಯ ಸಮಾಧಿಗಳಲ್ಲಿ ಕ್ರಿ.ಶ. 400ರ ಆಸುಪಾಸಿನ ಒಂದು ಗ್ರೀಕ್ ಶಿಲಾಲೇಖ ದೊರೆಯಿತು. ಯುಸ್ಕಿಯ ಎಂಬ ಮಹಿಳೆ ಲೂಸಿಯವರ ಹಬ್ಬದಂದು ತೀರಿಕೊಂಡಳೆಂದು ಅದರಲ್ಲಿ ಕೆತ್ತಿದೆ. ಅಷ್ಟು ಹಿಂದೆಯೇ ಊರಿನವರು ಆಕೆಯ ಹಬ್ಬ ಆಚರಿಸುತ್ತಿದ್ದರು. ಬಲಿಪೂಜೆಯ ಮೊದಲನೆಯ ಕೃತಜ್ಞತಾಸ್ತುತಿಯಲ್ಲಿಯೂ ಅಗಾತ, ಆಗ್ನೆಸ್, ಸಿಸಿಲಿಯರೊಡನೆ ಲೂಸಿಯವರ ಹೆಸರಿದೆ.

13ನೇ ಶತಮಾನದ ಧರ್ಮಪಂಡಿತ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಆಕೆಯ ಆ ಉತ್ತರವನ್ನು ಆಧಾರವಾಗಿ ಎತ್ತಿಕೊಂಡರು. ಬಲಾತ್ಕಾರಕ್ಕೊಳಗಾದ ಹೆಣ್ಣು ಪಾಪಿಯಲ್ಲ. ಪಾಪ ಬಲಾತ್ಕಾರ ಮಾಡಿದವನದು. ಇಂದಿಗೂ ನೊಂದ ಹೆಣ್ಣುಮಗಳ ಮೇಲೆಯೇ ಬೆರಳು ತೋರುವ ನೆರೆಹೊರೆಗಳಿವೆ. ನಮ್ಮ ಮನೆಯಂಗಳದಲ್ಲಿ ಅಂಥ ಮಾತು ಬಂದಾಗ ಈ ಕನ್ಯೆಯನ್ನು ನೆನೆದು ಬಾಯಿ ಬಿಗಿಹಿಡಿಯೋಣ.

ಇನ್ನು ಸ್ವೀಡನ್ನಿನ ವಿಷಯ. ಲೂಸಿ ಎಂಬ ಹೆಸರಿನ ಮೂಲದಲ್ಲಿರುವುದು ಬೆಳಕು ಎಂಬರ್ಥದ ಲ್ಯಾಟಿನ್ ಪದ. ಹಳೆಯ ಜೂಲಿಯನ್ ಪಂಚಾಂಗದಲ್ಲಿ ಒಂದು ಕಾಲಕ್ಕೆ ವರ್ಷದ ಅತಿ ದೀರ್ಘ ರಾತ್ರಿ ಈ ಹಬ್ಬದ ಆಸುಪಾಸಿಗೇ ಬೀಳುತ್ತಿತ್ತು. 16ನೇ ಶತಮಾನದಲ್ಲಿ ಆ ದೇಶ ಲೂಥರನ್ ಪಂಥಕ್ಕೆ ತಿರುಗಿದಾಗ ಬಹುತೇಕ ಸಂತರ ಹಬ್ಬಗಳು ಮರೆಯಾದವು. 1753ರಲ್ಲಿ ಪಂಚಾಂಗವೂ ಬದಲಾಯಿತು. ಆದರೂ ಜನರು ಲೂಸಿಯವರನ್ನು ಬಿಡಲಿಲ್ಲ. ಮನೆಯ ಹುಡುಗಿ ಬಿಳಿಯ ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ, ತಲೆಯ ಮೇಲೆ ದೀಪಗಳ ಕಿರೀಟ ಹೊತ್ತು, ಕತ್ತಲೆಯಲ್ಲೇ ಎದ್ದು ಮನೆಯವರಿಗೆ ಕಾಫಿ ಮತ್ತು ಬನ್ನು ಕೊಡುತ್ತಾಳೆ. ಅಡಗಿದ್ದ ಕ್ರೈಸ್ತರಿಗೆ ಎರಡೂ ಕೈತುಂಬ ಆಹಾರ ಒಯ್ಯಲೆಂದು ಲೂಸಿ ದೀಪವನ್ನು ತಲೆಯ ಮೇಲಿಟ್ಟುಕೊಂಡರೆಂಬ ಜನಪ್ರಿಯ ಕಥೆಯೂ ಇದೆ. ಸಿಸಿಲಿಯಲ್ಲಾದರೋ ಅಂದು ಅನೇಕರು ರೊಟ್ಟಿ ತಿನ್ನುವುದಿಲ್ಲ. ಕ್ಷಾಮದಲ್ಲಿ ಧಾನ್ಯದ ಹಡಗು ಬಂದ ನೆನಪಿಗೆ ಬೇಯಿಸಿದ ಇಡೀ ಗೋಧಿಯನ್ನು ತಿನ್ನುತ್ತಾರೆ. ಒಂದೆಡೆ ಬನ್ನು, ಇನ್ನೊಂದೆಡೆ ಗೋಧಿ; ಎರಡರಲ್ಲೂ ಹಸಿದವರ ನೆನಪಿದೆ.

ತಾಯಂದಿರೇ, ಬನ್ನನ್ನು ನೀವೂ ಮಾಡಬಹುದು. ಅರ್ಧ ಗ್ರಾಂ ಕೇಸರಿಯನ್ನು ಚಿಟಿಕೆ ಸಕ್ಕರೆಯೊಡನೆ ಅರೆಯಿರಿ. 100 ಗ್ರಾಂ ಬೆಣ್ಣೆ ಕರಗಿಸಿ, 250 ಮಿ.ಲೀ. ಹಾಲು ಸೇರಿಸಿ, ಉಗುರುಬೆಚ್ಚಗಿರುವಾಗ ಕೇಸರಿಯನ್ನು ಅದರಲ್ಲಿ ನೆನೆಸಿರಿ. 7 ಗ್ರಾಂ ಒಣ ಯೀಸ್ಟ್, 90 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಸುಮಾರು 450 ಗ್ರಾಂ ಮೈದಾ ಹಾಕಿ ಮೃದುವಾಗುವವರೆಗೆ ನಾದಿರಿ. ಹಾಲು ಬಿಸಿಯಾಗಿದ್ದರೆ ಯೀಸ್ಟ್ ಸಾಯುತ್ತದೆ; ಮೈದಾ ಹೆಚ್ಚಾದರೆ ಬನ್ನು ಒಣಗುತ್ತದೆ. ಒಂದು ಗಂಟೆ ಮುಚ್ಚಿಟ್ಟು, ಹಿಟ್ಟು ಇಮ್ಮಡಿಯಾದ ಮೇಲೆ ಸುಮಾರು 15 ಉಂಡೆ ಮಾಡಿ, ಪ್ರತಿಯೊಂದನ್ನೂ ಹಗ್ಗದಂತೆ ಹೊಸೆದು, ಎರಡು ತುದಿಗಳನ್ನು ಎದುರುಬದುರು ದಿಕ್ಕಿಗೆ ಸುರುಳಿ ಸುತ್ತಿರಿ. ಅರ್ಧ ಗಂಟೆ ಬಿಟ್ಟು, ಮೇಲೆ ಮೊಟ್ಟೆ ಸವರಿ, ಎರಡೂ ಸುರುಳಿಗಳ ನಡುವೆ ಒಂದೊಂದು ಒಣದ್ರಾಕ್ಷಿ ಒತ್ತಿ, 220 ಡಿಗ್ರಿ ಓವನ್ನಿನಲ್ಲಿ ಸುಮಾರು 8 ನಿಮಿಷ ಬೇಯಿಸಿರಿ.

ಕೇಸರಿ ದುಬಾರಿ ಎನ್ನುವಿರಾ? ಹೌದು. ಲೂಸಿಯವರು ಹಂಚಿದ ವರದಕ್ಷಿಣೆಯೂ ದುಬಾರಿಯಾಗಿಯೇ ಇತ್ತು. ಬನ್ನು ಒಣಗಿದ ಮೇಲೆ ಉಳಿದದ್ದನ್ನು ಕೊಡುವ ಬದಲು, ಬಿಸಿಯಾಗಿರುವಾಗಲೇ ಮೊದಲ ತಟ್ಟೆಯನ್ನು ಮಕ್ಕಳ ಕೈಯಲ್ಲಿ ನೆರೆಯ ಒಂಟಿ ಅಜ್ಜಿಗೋ, ರೋಗಿಗೋ ಕಳುಹಿಸಿರಿ. ಕ್ರಿಸ್ತಜಯಂತಿಗೆ ಇನ್ನೂ ಹನ್ನೆರಡು ದಿನಗಳಿರುವಾಗಲೇ ಆ ಮನೆಯಲ್ಲಿ ಹಬ್ಬದ ದೀಪ ಹೊತ್ತಿರುತ್ತದೆ.