ಒಂದೇ ಪಂಕ್ತಿಯ ಊಟ: ಕರ್ಮವೀರ ಭಾವುರಾವ ಪಾಟೀಲರ ಜೀವನ

ನಮ್ಮ ಶಾಲೆಯ ನೂರು ವರ್ಷಗಳ ಲೆಕ್ಕವನ್ನು ಹಾಕುವಾಗ ಕಟ್ಟಡ, ಫಲಿತಾಂಶ, ಮುಖ್ಯಾಧ್ಯಾಪಕರ ಸಾಲು ಇವೆಲ್ಲ ಸಹಜವಾಗಿ ನೆನಪಿಗೆ ಬರುತ್ತವೆ. ಇಲ್ಲಿ ಕಲಿತ ಮಕ್ಕಳು ಊರು ಬಿಟ್ಟು ಕಾಲೇಜಿಗೆ ಹೋದಾಗ ಎಲ್ಲಿ ತಂಗಿದರು, ಯಾರೊಡನೆ ಉಂಡರು ಎಂಬ ಲೆಕ್ಕವನ್ನು ಮಾತ್ರ ನಾವು ಬರೆದಿಡುವುದಿಲ್ಲ. ಗಡಿಭಾಗದ ಕನ್ನಡ ಶಾಲೆಯಿಂದ ಹೊರಟು ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರಗಳಿಗೆ ಹೋಗುವ ಬಡ ವಿದ್ಯಾರ್ಥಿಗೆ ಪಾಠದಷ್ಟೇ ದೊಡ್ಡ ಪ್ರಶ್ನೆ ವಸತಿಯದು. ಈ ಪ್ರಶ್ನೆಗಾಗಿಯೇ ಬದುಕನ್ನು ಸವೆಸಿದ ಕರ್ಮವೀರ ಭಾವುರಾವ ಪಾಟೀಲರನ್ನು ಈ ಸಂಪುಟದಲ್ಲಿ ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಭಾವುರಾವ ಅವರು ಜನಿಸಿದ್ದು 1887ರ ಸಪ್ಟೆಂಬರ್ 22ರಂದು, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ. ಅವರದು ಜೈನ ರೈತ ಮನೆತನ. ಪೂರ್ವಜರು ನಮ್ಮ ಮೂಡಬಿದಿರೆಯ ಕಡೆಯಿಂದ ಬಂದವರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಓದಿಗಾಗಿ ಅವರು ಕೊಲ್ಹಾಪುರಕ್ಕೆ ಬಂದಾಗ ಆ ನಗರ ವಿದ್ಯಾರ್ಥಿನಿಲಯಗಳ ತವರಾಗತೊಡಗಿತ್ತು. ರಾಜರ್ಷಿ ಶಾಹು ಛತ್ರಪತಿಗಳು 1901ರಿಂದ ಮೊದಲ್ಗೊಂಡು ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಬೋರ್ಡಿಂಗುಗಳಿಗೆ ಆಶ್ರಯವಿತ್ತಿದ್ದರು. ಊಟ ಮತ್ತು ನೆಲೆ ದೊರೆಯದೆ ಹಳ್ಳಿಯ ಹುಡುಗನಿಗೆ ವಿದ್ಯೆ ದೊರೆಯದೆಂಬ ಸತ್ಯವನ್ನು ಮಹಾರಾಜರು ಕಂಡಿದ್ದರು. ಆದರೆ ಕಾಲಕ್ಕೆ ತಕ್ಕಂತೆ ಒಂದೊಂದು ಜಾತಿಗೆ ಒಂದೊಂದು ಒಲೆ ಉರಿಯುತ್ತಿತ್ತು.

ಬಾಲಕ ಭಾವುರಾವ ಜೈನ ಬೋರ್ಡಿಂಗಿನ ನಿವಾಸಿ. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆದಾಗ ಅವರು ಆ ಸಮಾರಂಭಕ್ಕೆ ಹೋದರು. ಮರಳಿದ ಮೇಲೆ ಮೈಲಿಗೆ ಕಳೆಯಲು ಸ್ನಾನ ಮಾಡಬೇಕೆಂದಾಗ ಒಪ್ಪಲಿಲ್ಲ. ಪರಿಣಾಮವಾಗಿ ನಿಲಯವನ್ನು ಬಿಡಬೇಕಾಯಿತು. ಕೆಲಕಾಲ ಮಹಾರಾಜರ ಆಶ್ರಯದಲ್ಲಿದ್ದರೂ ಶಿಕ್ಷಣ ಮುಂದುವರಿಯಲಿಲ್ಲ. ಮೆಟ್ರಿಕ್ ಕೂಡ ದಾಟದೆ ಅವರು ಶಾಲೆಯನ್ನು ಬಿಟ್ಟರು. ಮುಂದೆ ಕಾಲೇಜುಗಳನ್ನೇ ಕಟ್ಟಿದ ವ್ಯಕ್ತಿಯ ವಿದ್ಯಾಭ್ಯಾಸ ಇಷ್ಟೇ.

ಬಳಿಕ ಅವರು ಸಾತಾರದಲ್ಲಿ ಮನೆಪಾಠ ಹೇಳಿ ಜೀವನ ನಡೆಸಿದರು. 1914ರ ಸುಮಾರಿಗೆ ಕೊಲ್ಹಾಪುರದಲ್ಲಿ ರಾಜಪ್ರತಿಮೆಗೆ ಡಾಂಬರು ಬಳಿದ ಪ್ರಕರಣವೊಂದು ನಡೆಯಿತು. ಜೈನ ಬೋರ್ಡಿಂಗಿನೊಡನೆ ನಿಕಟ ಸಂಬಂಧವಿದ್ದ ಅಣ್ಣಾಸಾಹೇಬ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ನುಡಿಯುವಂತೆ ಭಾವುರಾವ ಅವರನ್ನು ಬಂಧಿಸಿ ಹಿಂಸಿಸಲಾಯಿತು. ತಮ್ಮನ್ನು ಹೊರಗಟ್ಟಿದ ನಿಲಯದ ಮೇಲಿನ ಮುನಿಸನ್ನು ಅವರು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ; ಸುಳ್ಳು ನುಡಿಯಲೂ ಇಲ್ಲ. ಅನಂತರ ಓಗಲೆ ಗಾಜಿನ ಕಾರ್ಖಾನೆ ಮತ್ತು ಕಿರ್ಲೋಸ್ಕರ ನೇಗಿಲುಗಳ ಮಾರಾಟಗಾರರಾಗಿ ಹಳ್ಳಿ ಹಳ್ಳಿ ಸುತ್ತಿದರು. ರೈತನ ಮನೆಯ ಬಡತನವನ್ನೂ ಅಲ್ಲಿನ ಮಕ್ಕಳ ಚುರುಕು ಬುದ್ಧಿಯನ್ನೂ ಅವರು ಹತ್ತಿರದಿಂದ ಕಂಡದ್ದು ಈ ತಿರುಗಾಟದಲ್ಲಿ.

1919ರ ಅಕ್ಟೋಬರ್ 4ರಂದು ಕರಾಡ ಸಮೀಪದ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ರಯತ ಎಂದರೆ ಸಾಮಾನ್ಯ ಜನ, ದುಡಿಯುವ ಜನ. 1924ರಲ್ಲಿ ಕೇಂದ್ರ ಸಾತಾರಕ್ಕೆ ಬಂದಿತು. ಅಲ್ಲಿ ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿ ಮತಗಳ ಬಾಲಕರು ಒಂದೇ ಸೂರಿನಡಿ ಮಲಗಿ, ಒಂದೇ ಒಲೆಯ ಅಡುಗೆಯನ್ನು ಒಂದೇ ಪಂಕ್ತಿಯಲ್ಲಿ ಉಣ್ಣುವುದು ನಿಯಮವಾಯಿತು. 1927ರಲ್ಲಿ ಮಹಾತ್ಮಾ ಗಾಂಧೀಜಿ ಅಲ್ಲಿಗೆ ಬಂದು ಅದಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಎಂದು ನಾಮಕರಣ ಮಾಡಿದರು. 1932ರಲ್ಲಿ, ಯರವಡಾ ಒಪ್ಪಂದದ ವರ್ಷದಲ್ಲಿಯೇ, ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಆರಂಭವಾಯಿತು; ಐಕ್ಯವೆಂಬುದು ಅದರ ಹೆಸರಿನಲ್ಲಿಯೇ ಇತ್ತು.

ಈ ನಿಲಯಗಳು ದಾನದ ಅನ್ನಛತ್ರಗಳಾಗಿರಲಿಲ್ಲ. ಹಳ್ಳಿಯ ಗೃಹಿಣಿಯರು ದಿನವೂ ತೆಗೆದಿಡುತ್ತಿದ್ದ ಮುಷ್ಟಿ ಧಾನ್ಯ ಒಂದು ಆಧಾರವಾದರೆ, ವಿದ್ಯಾರ್ಥಿಗಳ ದುಡಿಮೆ ಇನ್ನೊಂದು. ಹೊಲ ಉಳುವುದು, ನೀರು ಹೊರುವುದು, ಅಡುಗೆ ಮಾಡುವುದು, ಕಸ ಗುಡಿಸುವುದು, ಕಲ್ಲು ಹೊತ್ತು ಕಟ್ಟಡ ಏಳಿಸುವುದು, ಇವೆಲ್ಲ ಸರದಿಯ ಕೆಲಸಗಳು. ಮೇಲುಜಾತಿಯ ಹುಡುಗನಿಗೆ ಕಸಬರಿಗೆ, ಕೆಳಜಾತಿಯೆನಿಸಿಕೊಂಡವನಿಗೆ ಅಡುಗೆಯ ಸೌಟು, ಇಬ್ಬರಿಗೂ ಅದೇ ಸರದಿ. ಗಳಿಸುತ್ತ ಕಲಿಯುವ ಈ ಕ್ರಮದಿಂದ ಬಡವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಲಿಲ್ಲ. ಸಮಾನತೆಯನ್ನು ಅಲ್ಲಿ ಭಾಷಣದಿಂದ ಬೋಧಿಸಲಿಲ್ಲ, ದಿನಚರಿಯಲ್ಲಿಯೇ ಹೆಣೆದಿದ್ದರು.

ಈ ಮನೆಗೆ ತಾಯಿಯೂ ಇದ್ದರು. ಭಾವುರಾವ ಅವರ ಪತ್ನಿ ಲಕ್ಷ್ಮೀಬಾಯಿಯವರು ಆಚಾರವಂತ ಮನೆತನದಲ್ಲಿ ಬೆಳೆದವರು. ಆದರೂ ಎಲ್ಲ ಜಾತಿಯ ಮಕ್ಕಳನ್ನು ತಮ್ಮ ಮಕ್ಕಳೆಂದೇ ಬಗೆದು ಸಲಹಿದರು. ನಿಲಯದ ಖರ್ಚಿಗೆ ತಮ್ಮ ಒಡವೆಗಳನ್ನೆಲ್ಲ ಕೊಟ್ಟರು. ದವಸ ತೀರಿದ ದಿನವೊಂದರಲ್ಲಿ, ಪತಿ ಊರಲ್ಲಿಲ್ಲದಾಗ, ಕೊರಳ ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳ ಹಸಿವು ನೀಗಿಸಿದರು. 1930ರಲ್ಲಿ ಅವರು ತೀರಿಕೊಂಡಾಗ ನಿಲಯದ ಮಕ್ಕಳು ಅನಾಥರಾದಂತೆ ಅತ್ತರು. ಅಣ್ಣ ಎಂದೇ ಕರೆಯಿಸಿಕೊಳ್ಳುತ್ತಿದ್ದ ಭಾವುರಾವ ಅವರ ಕೀರ್ತಿಯಲ್ಲಿ ಈ ಸಾಧ್ವಿಯ ಪಾಲನ್ನು ಬೇರ್ಪಡಿಸಿ ಅಳೆಯುವುದು ಸಾಧ್ಯವಿಲ್ಲ.

1935ರಲ್ಲಿ ಸಾತಾರದಲ್ಲಿ ಅಧ್ಯಾಪಕರ ತರಬೇತಿ ವಿದ್ಯಾಲಯ, 1940ರಲ್ಲಿ ಮಹಾರಾಜಾ ಸಯಾಜಿರಾವ ಪ್ರೌಢಶಾಲೆ, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು, 1954ರಲ್ಲಿ ಕರಾಡದಲ್ಲಿ ಗಾಡಗೇ ಮಹಾರಾಜರ ಹೆಸರಿನ ಕಾಲೇಜು ಹೀಗೆ ಕಾರ್ಯ ಹಬ್ಬಿತು. ಶಿವಾಜಿ ಕಾಲೇಜಿನಲ್ಲಿಯೂ ಬಡ ವಿದ್ಯಾರ್ಥಿ ದುಡಿದು, ತಂಗಿ, ಪದವಿ ಪಡೆಯುವ ಏರ್ಪಾಡಿತ್ತು. ಶಾಹು ಬೋರ್ಡಿಂಗಿನಲ್ಲಿ ಬೆಳೆದ ಬ್ಯಾರಿಸ್ಟರ್ ಪಿ. ಜಿ. ಪಾಟೀಲರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿ ಪದವಿಯವರೆಗೆ ಏರಿದರು. 1959ರಲ್ಲಿ ಭಾವುರಾವ ಅವರಿಗೆ ಪದ್ಮಭೂಷಣ ಪ್ರಶಸ್ತಿಯೂ ಪುಣೆ ವಿಶ್ವವಿದ್ಯಾಲಯದ ಗೌರವ ಡಿ.ಲಿಟ್. ಪದವಿಯೂ ಸಂದವು. ಮೆಟ್ರಿಕ್ ಮುಟ್ಟದ ಆ ಮಹನೀಯರು ಅದೇ ವರ್ಷ ಮೇ 9ರಂದು ಇಹವನ್ನು ತ್ಯಜಿಸಿದರು. ಸಂಸ್ಥೆಯ ಲಾಂಛನವಾದ ಆಲದ ಮರ ಇಂದಿಗೂ ಬಿಳಲು ಬಿಡುತ್ತಲೇ ಇದೆ.

ಇಂದು ಹಾಸ್ಟೆಲುಗಳಲ್ಲಿ ಅಂದಿನ ಹಸಿವಿಲ್ಲ. ಆದರೆ ಒಂಟಿತನವಿದೆ. ಕನ್ನಡದಲ್ಲಿ ಕಲಿತ ಮಗು ಬೇರೆ ನುಡಿಯ ನಿಲಯವನ್ನು ಹೊಕ್ಕಾಗ, ಅದರ ಉಚ್ಚಾರವನ್ನು ಕೇಳಿ ನಗುವವರು ಒಂದು ಕಡೆ, ತನ್ನವರ ಗುಂಪಿನಲ್ಲಿ ಮಾತ್ರ ಅಡಗಿಕೊಳ್ಳುವ ಆಸೆ ಇನ್ನೊಂದು ಕಡೆ. ಭಾವುರಾವ ಅವರ ಬದುಕು ಎರಡಕ್ಕೂ ಒಂದೇ ಉತ್ತರವನ್ನು ಕೊಡುತ್ತದೆ: ಸೇರಿ ದುಡಿದು ಸೇರಿ ಉಂಡವರ ನಡುವೆ ಪರಕೀಯತೆ ಬಹುಕಾಲ ನಿಲ್ಲದು. ಪಾಲಕರು ಮಕ್ಕಳನ್ನು ಕಳಿಸುವಾಗ ಹಣದೊಡನೆ ಕೈಗೆಲಸದ ಅಭ್ಯಾಸವನ್ನೂ ಕೊಟ್ಟು ಕಳಿಸಲಿ. ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಹೊಸದಾಗಿ ಬರುವ ನಮ್ಮ ಮಕ್ಕಳನ್ನು ವಾರಕ್ಕೊಮ್ಮೆಯಾದರೂ ಕಂಡು, ಅವರ ಗೆಳೆಯರನ್ನೂ ಜೊತೆಗೆ ಕರೆದು ಮನೆಯ ಊಟ ಬಡಿಸಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಶಾಲೆಯ ಬಳಗ ಈ ಒಂದು ಪಂಕ್ತಿಯನ್ನು ಮುಂದುವರಿಸಿದರೆ, ಕರ್ಮವೀರರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಅದೇ ಆದೀತು.